ಹೋಮರನ ಹಿರಿಯ ವಿದ್ಯಾರ್ಥಿಗಳು

ಗ್ರೀಕ್ ವಿದ್ಯೆಯು ಪಶ್ಚಿಮ ಯೂರೋಪಿಗೆ ಹಿಂದಿರುಗಿದ ಬಗೆಯನ್ನು ಚರಿತ್ರೆಯ ಪಾಠಗಳಲ್ಲಿ ಹೇಳುವ ರೀತಿ ಎಲ್ಲರಿಗೂ ತಿಳಿದದ್ದೇ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದರು; ಅಲ್ಲಿನ ಪಂಡಿತರು ಗ್ರಂಥಗಳನ್ನು ಹೊತ್ತು ಇಟಲಿಗೆ ಬಂದರು; ಅವರಿಂದ ವಿದ್ಯೆಯ ಪುನರುಜ್ಜೀವನವಾಯಿತು ಎಂದು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದಕ್ಕೆ ನೂರು ವರ್ಷ ಮೊದಲೇ ಅವರಿಗಾಗಿ ಬಾಗಿಲನ್ನು ತೆರೆಯಲು ಹೆಣಗಿದವರು ಇದ್ದರು. ಅವರು ಪಾಠಶಾಲೆಯ ಬಾಲಕರಲ್ಲ. ಆಗಲೇ ಕೀರ್ತಿವಂತರಾಗಿ ನಡುವಯಸ್ಸನ್ನು ಮುಟ್ಟಿದ್ದ ಇಬ್ಬರು ಕವಿಗಳು. ಹೋಮರನನ್ನು ಅವನ ಭಾಷೆಯಲ್ಲಿಯೇ ಓದಬೇಕೆಂದು ಅವರು ಪಟ್ಟ ಪಾಡನ್ನು ನಾವು ಈಗ ವಿಚಾರಮಾಡೋಣ.

ಆ ಕಾಲದ ಇಟಲಿಯ ವಿದ್ವಾಂಸರಿಗೆ ಹೋಮರನ ಹೆಸರು ಗೊತ್ತಿದ್ದಿತು, ಕಾವ್ಯ ಗೊತ್ತಿರಲಿಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಪಂಕ್ತಿಗಳುಳ್ಳ ಇಲಿಯಡ್ ಕಾವ್ಯಕ್ಕೆ ಬದಲಾಗಿ, ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟ ಪಂಕ್ತಿಗಳ ಒಂದು ಲ್ಯಾಟಿನ್ ಸಂಗ್ರಹವು ಪ್ರಚಾರದಲ್ಲಿದ್ದಿತು. ಆದರೆ ದಕ್ಷಿಣದ ಕಲಾಬ್ರಿಯ ಪ್ರಾಂತದಲ್ಲಿ ಗ್ರೀಕ್ ನುಡಿಯು ಇನ್ನೂ ಜೀವಂತವಾಗಿದ್ದಿತು. ಆ ಪ್ರಾಂತದ ಬರ್ಲಾಮ್ ಎಂಬ ಸನ್ಯಾಸಿಯಿಂದ ಕವಿ ಪೆಟ್ರಾರ್ಕನು ಅವಿನ್ಯೋನ್ ನಗರದಲ್ಲಿ ಗ್ರೀಕ್ ಅಕ್ಷರಾಭ್ಯಾಸವನ್ನು ಆರಂಭಿಸಿದನು. ಆದರೆ 1342ರಲ್ಲಿ ಬರ್ಲಾಮನು ಬಿಷಪ್ ಪದವಿಯನ್ನು ಪಡೆದು ಹೊರಟುಹೋದನು. ಆ ಪದವಿಯನ್ನು ಕೊಡಿಸುವುದಕ್ಕೆ ನೆರವಾದವನು ಪೆಟ್ರಾರ್ಕನೇ! ಗುರುವಿಗೆ ಉಪಕಾರಮಾಡಿ ಶಿಷ್ಯನು ಪಾಠವನ್ನು ಕಳೆದುಕೊಂಡನು.

ಕೆಲವು ವರ್ಷಗಳ ಮೇಲೆ, ಕಾನ್‌ಸ್ಟಾಂಟಿನೋಪಲಿನ ರಾಯಭಾರಿಯಾಗಿದ್ದ ನಿಕೊಲಾಸ್ ಸಿಗೆರೋಸನು ಅವನಿಗೆ ಹೋಮರನ ಗ್ರೀಕ್ ಹಸ್ತಪ್ರತಿಯೊಂದನ್ನು ಕಳುಹಿಸಿಕೊಟ್ಟನು. 1354ರ ಜನವರಿಯಲ್ಲಿ ಪೆಟ್ರಾರ್ಕನು ಬರೆದ ಕೃತಜ್ಞತೆಯ ಪತ್ರವು ಇಂದಿಗೂ ಉಳಿದಿದೆ. ಆಗ ಅವನಿಗೆ ನಲವತ್ತೊಂಬತ್ತು ವರ್ಷ. ಹೋಮರನು ತನ್ನ ಪಾಲಿಗೆ ಮೂಕನಾಗಿದ್ದಾನೆ, ಅಥವಾ ಹೋಮರನ ಪಾಲಿಗೆ ತಾನು ಕಿವುಡನಾಗಿದ್ದೇನೆ; ಆದರೂ ಕವಿಯನ್ನು ಕಣ್ಣಾರೆ ಕಂಡುದೇ ತನಗೊಂದು ಸುಖವೆಂದು ಅದರಲ್ಲಿ ಹೇಳಿಕೊಂಡಿದ್ದಾನೆ. ರೋಮಿನ ಕೇಟೋ ಮುದುಕನಾದಮೇಲೆ ಗ್ರೀಕನ್ನು ಕಲಿತನೆಂಬ ಪೂರ್ವಕಥೆಯು ಅವನಿಗೆ ಧೈರ್ಯವನ್ನು ಕೊಟ್ಟಿತು.

ಪೆಟ್ರಾರ್ಕನಿಗೆ ದೊರೆಯದ ಗುರುವು ಅವನ ಸ್ನೇಹಿತ ಬೊಕ್ಕಾಚಿಯೋವಿಗೆ ದೊರೆತನು. ಇವನೂ ಕಲಾಬ್ರಿಯದವನೇ, ಹೆಸರು ಲಿಯೊಂಟಿಯಸ್ ಪಿಲಾಟಸ್. ಅವಿನ್ಯೋನಿಗೆ ಹೋಗಬೇಕೆಂದಿದ್ದ ಇವನನ್ನು ಬೊಕ್ಕಾಚಿಯೋ ತಡೆದು, 1360ರಲ್ಲಿ ಫ್ಲಾರೆನ್ಸಿಗೆ ಕರೆತಂದು, ಅಲ್ಲಿನ ವಿದ್ಯಾಪೀಠದಲ್ಲಿ ಗ್ರೀಕ್ ಅಧ್ಯಾಪಕನ ಹುದ್ದೆಯನ್ನು ಕೊಡಿಸಿದನು. ತನ್ನ ಮನೆಯಲ್ಲಿಯೇ ಇರಿಸಿಕೊಂಡನು. ಗುರುವಿನ ರೂಪವಾಗಲಿ ನಡತೆಯಾಗಲಿ ಹಿತವಾಗಿರಲಿಲ್ಲ. ಕೆದರಿದ ಕೂದಲು, ಉದ್ದವಾದ ಗಡ್ಡ, ಒರಟು ಮಾತು, ಸದಾ ಏನನ್ನೋ ಚಿಂತಿಸುವ ಮುಖ. ಇದೆಲ್ಲವನ್ನೂ ಬೊಕ್ಕಾಚಿಯೋ ತಾನೇ ಬರೆದಿಟ್ಟಿದ್ದಾನೆ. ಆದರೂ ನಲವತ್ತೇಳು ವರ್ಷದ ಆ ಪ್ರಸಿದ್ಧ ಕಥೆಗಾರನು ಅವನ ಮುಂದೆ ಕುಳಿತು ಇಲಿಯಡ್ಡಿನ ಪಾಠವನ್ನು ಹೇಳಿಸಿಕೊಂಡನು.

ಆ ಪಾಠದ ಕಷ್ಟವನ್ನು ಶ್ರೋತೃಗಳು ಊಹಿಸಿಕೊಳ್ಳಬೇಕು. ಲ್ಯಾಟಿನ್ ಬಲ್ಲವನು ಗ್ರೀಕನ್ನು ಕಲಿಯಲು ಅನುಕೂಲವಾದ ವ್ಯಾಕರಣವಿಲ್ಲ, ತಕ್ಕ ನಿಘಂಟಿಲ್ಲ. ಹೋಮರನ ಭಾಷೆಯಾದರೋ ಅಂದಿನ ಗ್ರೀಕರ ಆಡುನುಡಿಗೂ ಬಲು ದೂರವಾದುದು. ಪಿಲಾಟಸನು ಪಂಕ್ತಿಯನ್ನು ಹಿಡಿದು ಪದಕ್ಕೆ ಪದವಿಟ್ಟು ಲ್ಯಾಟಿನ್ ಗದ್ಯವನ್ನು ರಚಿಸುತ್ತ ಹೋದನು. ಕುಮಾರವ್ಯಾಸನ ಷಟ್ಪದಿಯನ್ನು ಗಮಕಿಯ ಬಾಯಿಂದ ಕೇಳುವುದಕ್ಕೂ, ಅದನ್ನೇ ಬಿಡಿಬಿಡಿಯಾದ ಅರ್ಥಗಳ ಪಟ್ಟಿಯಾಗಿ ಓದುವುದಕ್ಕೂ ಎಷ್ಟು ಅಂತರವೋ, ಮೂಲಕ್ಕೂ ಈ ಭಾಷಾಂತರಕ್ಕೂ ಅಷ್ಟು ಅಂತರ. ಆದರೂ ಇಲಿಯಡ್ ಮತ್ತು ಒಡಿಸ್ಸಿಗಳೆರಡೂ ಶತಮಾನಗಳ ತರುವಾಯ ಇಟಲಿಯ ವಿದ್ವಾಂಸರ ಕೈಗೆಟುಕಿದುದು ಇದರಿಂದಲೇ. ಮುಂದೆ ತನ್ನ ಗ್ರಂಥದಲ್ಲಿ ಗ್ರೀಕ್ ವಾಕ್ಯಗಳನ್ನು ಬಳಸಿದುದಕ್ಕೆ ಆಕ್ಷೇಪಣೆ ಬಂದಾಗ ಬೊಕ್ಕಾಚಿಯೋ, ಹೋಮರನನ್ನು ಸ್ವಂತ ವೆಚ್ಚದಿಂದ ಟಸ್ಕನಿಗೆ ತರಿಸಿದವನು ತಾನು, ಇದು ತನಗೆ ಸಲ್ಲುವ ಹೆಮ್ಮೆ ಎಂದು ಉತ್ತರಕೊಟ್ಟನು.

ಪಿಲಾಟಸನ ಅಂತ್ಯವು ದಾರುಣವಾದುದು. ಕಾನ್‌ಸ್ಟಾಂಟಿನೋಪಲಿನಿಂದ ಹಿಂದಿರುಗುವಾಗ ಬಿರುಗಾಳಿಯೆದ್ದು, ಹಡಗಿನ ಕೂವೆಯನ್ನು ಅಪ್ಪಿ ನಿಂತಿದ್ದ ಅವನು ಸಿಡಿಲು ಬಡಿದು ಸತ್ತನು. ಸುದ್ದಿಯನ್ನು ಕೇಳಿ ಮರುಗಿದ ಪೆಟ್ರಾರ್ಕನು, ಅವನ ಸಾಮಾನುಗಳಲ್ಲಿ ಗ್ರೀಕ್ ಗ್ರಂಥಗಳೇನಾದರೂ ಉಳಿದಿವೆಯೇ ಎಂದು ವಿಚಾರಿಸಿದನು. ಪಿಲಾಟಸನ ಭಾಷಾಂತರದ ಪ್ರತಿಯು ಕೈಸೇರಿದಮೇಲೆ ಅವನು ಅದರ ಅಂಚುಗಳಲ್ಲಿ ಟಿಪ್ಪಣಿ ಬರೆಯತೊಡಗಿದನು. ಆ ಪ್ರತಿಗಳು ಪ್ಯಾರಿಸ್ಸಿನ ರಾಷ್ಟ್ರೀಯ ಪುಸ್ತಕಭಂಡಾರದಲ್ಲಿವೆ. ಒಡಿಸ್ಸಿಯ ಟಿಪ್ಪಣಿಯಲ್ಲಿ ತೊಡಗಿದ್ದಾಗಲೇ, 1374ರಲ್ಲಿ, ಅವನು ತೀರಿಕೊಂಡನೆಂದು ಹಳೆಯ ಪ್ರತೀತಿ. ಅವನು ಗ್ರೀಕ್ ಹೋಮರನನ್ನು ಕೊನೆಯವರೆಗೂ ಓದಲಾರದೆ ಹೋದನು.

ಹಾಗಾದರೆ ಈ ಶ್ರಮವೆಲ್ಲ ವ್ಯರ್ಥವಾಯಿತೆ? ಪೆಟ್ರಾರ್ಕ್ ಬೊಕ್ಕಾಚಿಯೋಗಳ ಅಭಿಮಾನಿಯಾದ ಸಲೂಟಾಟಿ ಎಂಬವನು ಫ್ಲಾರೆನ್ಸಿನ ಆಡಳಿತದಲ್ಲಿ ಹಿರಿಯ ಅಧಿಕಾರಿಯಾಗಿದ್ದನು. ಅವನ ಪ್ರಯತ್ನದಿಂದ 1397ರಲ್ಲಿ ಮ್ಯಾನ್ಯುಯಲ್ ಕ್ರಿಸೊಲೊರಾಸನು ಆ ನಗರಕ್ಕೆ ಬಂದು ಪಾಠಕ್ಕೆ ತೊಡಗಿದನು. ಪ್ರಶ್ನೋತ್ತರ ರೂಪದ ಸುಲಭವಾದ ವ್ಯಾಕರಣವೊಂದನ್ನೂ ರಚಿಸಿದನು. ನ್ಯಾಯಶಾಸ್ತ್ರವನ್ನು ಓದುತ್ತಿದ್ದ ಲಿಯೊನಾರ್ಡೊ ಬ್ರೂನಿಯು ಬಹಳ ತೊಳಲಾಡಿ, ನ್ಯಾಯಶಾಸ್ತ್ರದ ಗುರುಗಳು ಎಂದಿಗಾದರೂ ಸಿಕ್ಕಾರು, ಗ್ರೀಕಿಗೆ ಇವನೊಬ್ಬನೇ ಗುರುವೆಂದು ನಿಶ್ಚಯಿಸಿ ಅವನ ಶಿಷ್ಯನಾದನು. 1488ರಲ್ಲಿ ಹೋಮರನ ಗ್ರೀಕ್ ಮೂಲವು ಮೊದಲ ಬಾರಿಗೆ ಅಚ್ಚಾದುದು ಅದೇ ಫ್ಲಾರೆನ್ಸಿನಲ್ಲಿ. ಅದನ್ನು ಪರಿಷ್ಕರಿಸಿದ ಅಥೆನ್ಸಿನ ಖಾಲ್ಕೊಂಡೈಲಿಸನು ಸಹ 1453ಕ್ಕೆ ಕೆಲವು ವರ್ಷ ಮೊದಲೇ ಇಟಲಿಗೆ ಬಂದಿದ್ದವನು.

ಆದಕಾರಣ, ಒಂದು ನಗರದ ಪತನದಿಂದಲೇ ವಿದ್ಯೆಯು ಇನ್ನೊಂದು ದೇಶಕ್ಕೆ ಹರಿಯಿತೆಂದು ಹೇಳುವುದು ಅರ್ಧಸತ್ಯ. ಗ್ರಂಥವು ಬಂದರೆ ಸಾಲದು. ಅದನ್ನು ಬೇಡಿ ಕಾದುಕೊಂಡಿರುವವರೂ ಇರಬೇಕು. ಸಂಸಾರ ಉದ್ಯೋಗಗಳ ನಡುವೆ ಹೊಸ ಭಾಷೆಯೊಂದರ ಅಕ್ಷರಮಾಲೆಯನ್ನು ತಿದ್ದಲು ಸಂಕೋಚಪಡುವ ನಮ್ಮಂತಹವರು ಈ ಇಬ್ಬರನ್ನು ನೆನೆಯಬಹುದು. ಅವರಲ್ಲಿ ಒಬ್ಬನು ಸ್ವಲ್ಪವನ್ನು ಕಲಿತನು, ಮತ್ತೊಬ್ಬನು ಕಲಿಯಲೇ ಇಲ್ಲ. ಆದರೂ ಅವರು ನಾಚಿ ಸುಮ್ಮನಿದ್ದಿದ್ದರೆ, ಮುಂದಿನ ಪೀಳಿಗೆಯ ತರುಣರಿಗೆ ಆ ಹಂಬಲ ಎಲ್ಲಿಂದ ಬರುತ್ತಿತ್ತು?