ಡಿಪೆಂಡೆನ್ಸಿ ಇಂಜೆಕ್ಷನ್ ಎಂದರೇನು? ವೆಬ್ ಅಪ್ಲಿಕೇಷನ್ ಕೋಡ್‌ಗೆ ಇದರಿಂದ ಏನು ಲಾಭ?

2021ರ ಮಾರ್ಚ್ 8ರಂದು ದೇಶದ ಹಲವೆಡೆ ಮೊಬೈಲ್‌ಗಳಿಗೆ ಒಟಿಪಿ ಬರುವುದೇ ನಿಂತಿತ್ತು. ಬ್ಯಾಂಕ್ ವ್ಯವಹಾರದಿಂದ ಕೋವಿನ್ ನೋಂದಣಿವರೆಗೆ ಹಲವು ಸೇವೆಗಳಿಗೆ ಅಡ್ಡಿಯಾಯಿತು. ಕಂಪನಿಗಳು ಕಳಿಸುವ ಎಸ್‌ಎಂಎಸ್‌ನ ಒಕ್ಕಣೆ ಮೊದಲೇ ನೋಂದಣಿಯಾಗಿರಬೇಕು ಎಂಬ ಟ್ರಾಯ್ ನಿಯಮವನ್ನು ಟೆಲಿಕಾಂ ಸಂಸ್ಥೆಗಳು ಅಂದು ಜಾರಿಗೆ ತಂದಿದ್ದವು. ನಿಯಮಕ್ಕೆ ಹೊಂದದ ಸಂದೇಶಗಳು ತಡೆಯಲ್ಪಟ್ಟವು. ಮರುದಿನವೇ ಟ್ರಾಯ್ ಈ ಕ್ರಮವನ್ನು ಏಳು ದಿನಗಳ ಮಟ್ಟಿಗೆ ತಡೆಹಿಡಿಯಿತು.

ಇಂಥ ಬದಲಾವಣೆ ಬಂದಾಗ ಸಾಫ್ಟ್‌ವೇರ್ ತಂಡದ ಮುಂದಿರುವ ಪ್ರಶ್ನೆ ಒಂದೇ: ಎಸ್‌ಎಂಎಸ್ ಕಳಿಸುವ ಕೋಡ್ ನಮ್ಮಲ್ಲಿ ಎಷ್ಟು ಕಡೆ ಇದೆ? ಒಂದೇ ಕಡೆ ಇದ್ದರೆ ಒಂದು ತಿದ್ದುಪಡಿ ಸಾಕು. ನಲವತ್ತು ಕಡೆ ಹರಡಿದ್ದರೆ ನಲವತ್ತನ್ನೂ ಹುಡುಕಬೇಕು. ಈ ತಲೆನೋವನ್ನು ಕಡಿಮೆ ಮಾಡುವ ಸರಳ ವಿಧಾನವೇ ಡಿಪೆಂಡೆನ್ಸಿ ಇಂಜೆಕ್ಷನ್.

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಇರಲಿ, ವಿಜಯವಾಡ ಸಮೀಪದ ಗನ್ನವರಂನ ಮೇಧಾ ಟವರ್ಸ್ ಇರಲಿ, ಜಾವಾ ಅಥವಾ ಡಾಟ್‌ನೆಟ್ ಪ್ರಾಜೆಕ್ಟ್‌ಗೆ ಸೇರುವ ಹೊಸಬರು ಇದನ್ನು ತಿಳಿದಿರಲೇಬೇಕು.

ಏನಿದು ವಿಧಾನ?

ಮದುವೆ ಮನೆಯ ಅಡುಗೆ ಭಟ್ಟರನ್ನು ನೆನಪಿಸಿಕೊಳ್ಳಿ. ಅವರು ತಾವೇ ಸಂತೆಗೆ ಹೋಗುವುದಿಲ್ಲ. ಸಾಮಾನಿನ ಪಟ್ಟಿ ಕೊಡುತ್ತಾರೆ, ಮನೆಯವರು ತಂದುಕೊಡುತ್ತಾರೆ. ಬೇಳೆ ಯಾವ ಅಂಗಡಿಯದು ಎಂಬುದು ಭಟ್ಟರಿಗೆ ಬೇಕಿಲ್ಲ, ಬೇಳೆ ಸರಿಯಾಗಿದ್ದರೆ ಸಾಕು.

ಕೋಡ್‌ನಲ್ಲೂ ಹೀಗೆಯೇ. ಬೆಂಗಳೂರಿನಿಂದ ವಿಜಯವಾಡಕ್ಕೆ ಬಸ್ ಟಿಕೆಟ್ ಕಾಯ್ದಿರಿಸುವ ಒಂದು ಕ್ಲಾಸ್ ಇದೆ ಎಂದುಕೊಳ್ಳಿ. ಅದಕ್ಕೆ ಹಣ ಪಾವತಿ, ಎಸ್‌ಎಂಎಸ್, ಡೇಟಾಬೇಸ್ ಮೂರೂ ಬೇಕು. ಇವೇ ಅದರ ಡಿಪೆಂಡೆನ್ಸಿಗಳು, ಅಂದರೆ ಅವಲಂಬನೆಗಳು. ಕ್ಲಾಸ್ ತನ್ನೊಳಗೇ ‘ನ್ಯೂ’ ಬಳಸಿ ಇವನ್ನು ಸೃಷ್ಟಿಸಿಕೊಂಡರೆ, ನಿರ್ದಿಷ್ಟ ಎಸ್‌ಎಂಎಸ್ ಕಂಪನಿಯ ಕೋಡ್‌ಗೆ ಅದು ಅಂಟಿಕೊಂಡಂತೆ. ಅದರ ಬದಲು ‘ನನಗೆ ಸಂದೇಶ ಕಳಿಸುವ ಆಬ್ಜೆಕ್ಟ್ ಒಂದು ಬೇಕು’ ಎಂದು ಕನ್‌ಸ್ಟ್ರಕ್ಟರ್‌ನಲ್ಲಿ ಕೇಳಿ, ಹೊರಗಿನಿಂದ ಪಡೆಯುವುದೇ ಡಿಪೆಂಡೆನ್ಸಿ ಇಂಜೆಕ್ಷನ್. ಆ ಆಬ್ಜೆಕ್ಟ್ ಏನೇನು ಮಾಡಬೇಕು ಎಂಬುದನ್ನು ಇಂಟರ್‌ಫೇಸ್ ಹೇಳುತ್ತದೆ, ಹೇಗೆ ಮಾಡಬೇಕು ಎಂಬುದು ಅದನ್ನು ಪಾಲಿಸುವ ಕ್ಲಾಸ್‌ಗೆ ಬಿಟ್ಟದ್ದು.

ಹೆಸರು ಬಂದದ್ದು ಹೇಗೆ?

ಮಾರ್ಟಿನ್ ಫೌಲರ್ 2004ರ ಜನವರಿಯಲ್ಲಿ ಬರೆದ ಲೇಖನದಿಂದ ಈ ಹೆಸರು ಜನಪ್ರಿಯವಾಯಿತು. ಅದೇ ವರ್ಷ ಮಾರ್ಚ್‌ನಲ್ಲಿ ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್‌ನ 1.0 ಆವೃತ್ತಿ ಬಂತು. 2016ರಲ್ಲಿ ಬಂದ ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ ಈ ಸೌಲಭ್ಯ ಅಂತರ್ಗತವಾಗಿದೆ. ಪಿಎಚ್‌ಪಿಯ ಲಾರವೆಲ್, ಬ್ರೌಸರ್ ಬದಿಯ ಆ್ಯಂಗುಲರ್‌ನಲ್ಲೂ ಇದೆ.

ಪರೀಕ್ಷೆಗೆ ದೊಡ್ಡ ಅನುಕೂಲ

ಟಿಕೆಟ್ ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವಾಗ ನಿಜವಾದ ಗ್ರಾಹಕರಿಗೆ ಎಸ್‌ಎಂಎಸ್ ಹೋಗಬಾರದು, ನಿಜವಾದ ಹಣ ಕಡಿತವಾಗಬಾರದು. ಅವಲಂಬನೆ ಹೊರಗಿನಿಂದ ಬರುವುದಾದರೆ, ಪರೀಕ್ಷೆಯ ವೇಳೆ ನಕಲಿ ಆಬ್ಜೆಕ್ಟ್ ಕೊಟ್ಟರಾಯಿತು. ‘ಸಂದೇಶ ಕಳಿಸು ಎಂದು ಒಮ್ಮೆ ಹೇಳಿದರು’ ಎಂದು ಅದು ಬರೆದಿಟ್ಟುಕೊಳ್ಳುತ್ತದೆ, ಅಷ್ಟೇ.

ಗಡಿಯಾರವನ್ನೂ ಹೀಗೆ ಕೊಡಬಹುದು. ರೈಲಿನ ಎಸಿ ತತ್ಕಾಲ್ ಬುಕಿಂಗ್ ಬೆಳಗ್ಗೆ 10ಕ್ಕೆ ಆರಂಭವಾಗುತ್ತದೆ. ಈ ರೀತಿಯ ನಿಯಮವನ್ನು ಪರೀಕ್ಷಿಸಲು ಬೆಳಗ್ಗೆವರೆಗೆ ಕಾಯಬೇಕಿಲ್ಲ. 9.59 ತೋರಿಸುವ ಗಡಿಯಾರ ಕೊಟ್ಟು ಒಮ್ಮೆ, 10 ತೋರಿಸುವುದನ್ನು ಕೊಟ್ಟು ಮತ್ತೊಮ್ಮೆ ನೋಡಿದರೆ ಮುಗಿಯಿತು.

ಕಂಟೇನರ್ ಕಡ್ಡಾಯವೇ?

ಇಲ್ಲ. ಸಣ್ಣ ಅಪ್ಲಿಕೇಷನ್‌ನಲ್ಲಿ ಪ್ರೋಗ್ರಾಂ ಆರಂಭವಾಗುವ ಜಾಗದಲ್ಲೇ ಎಲ್ಲ ಆಬ್ಜೆಕ್ಟ್‌ಗಳನ್ನು ಕೈಯಾರೆ ಜೋಡಿಸಬಹುದು. ಕ್ಲಾಸ್‌ಗಳು ನೂರಾರಾದಾಗ ಈ ಜೋಡಣೆಯನ್ನು ಕಂಟೇನರ್‌ಗೆ ಒಪ್ಪಿಸುವುದು ಸುಲಭ. ಆದರೆ ಪ್ರತಿ ಕ್ಲಾಸ್ ಕೂಡ ಕಂಟೇನರ್‌ಗೇ ಕೈಹಾಕಿ ಬೇಕಾದ್ದನ್ನು ಎತ್ತಿಕೊಳ್ಳತೊಡಗಿದರೆ, ಯಾವುದಕ್ಕೆ ಏನು ಬೇಕು ಎಂಬುದು ಮತ್ತೆ ಮರೆಯಾಗುತ್ತದೆ.

ಈ ಎಚ್ಚರಿಕೆ ಇರಲಿ

* ಆಬ್ಜೆಕ್ಟ್‌ನ ಆಯುಷ್ಯ: ಸ್ಪ್ರಿಂಗ್‌ನಲ್ಲಿ ಬೇರೆ ಹೇಳದಿದ್ದರೆ ಇಡೀ ಅಪ್ಲಿಕೇಷನ್‌ಗೆ ಒಂದೇ ಆಬ್ಜೆಕ್ಟ್ ಸೃಷ್ಟಿಯಾಗುತ್ತದೆ, ಎಲ್ಲ ಬಳಕೆದಾರರ ಕೋರಿಕೆಗೂ ಅದೇ ಬಳಕೆಯಾಗುತ್ತದೆ. ಅದರಲ್ಲಿ ಒಬ್ಬ ಗ್ರಾಹಕರ ಹೆಸರು, ಪಿಎನ್‌ಆರ್ ಇಟ್ಟರೆ ಇನ್ನೊಬ್ಬರ ಪರದೆಯಲ್ಲಿ ಕಾಣಿಸಿಕೊಳ್ಳುವ ಅಪಾಯವಿದೆ.

* ಉದ್ದದ ಪಟ್ಟಿ: ಕನ್‌ಸ್ಟ್ರಕ್ಟರ್ ಎಂಟು–ಹತ್ತು ಆಬ್ಜೆಕ್ಟ್ ಕೇಳುತ್ತಿದ್ದರೆ ಆ ಕ್ಲಾಸ್ ಅತಿಯಾದ ಕೆಲಸ ಹೊತ್ತಿರುವ ಸಾಧ್ಯತೆ ಹೆಚ್ಚು. ಅದನ್ನು ಒಡೆಯುವುದು ಒಳ್ಳೆಯದು.

* ಎಲ್ಲಕ್ಕೂ ಬೇಡ: ದರ, ದಿನಾಂಕ, ವಿಳಾಸದಂಥ ಸರಳ ಮಾಹಿತಿಯ ಆಬ್ಜೆಕ್ಟ್‌ಗಳನ್ನು ಅಲ್ಲಲ್ಲೇ ಸೃಷ್ಟಿಸಿದರೆ ತೊಂದರೆಯಿಲ್ಲ. ಪ್ರತಿ ಕ್ಲಾಸ್‌ಗೂ ಇಂಟರ್‌ಫೇಸ್ ಬರೆದರೆ ಕಡತಗಳು ಹೆಚ್ಚುತ್ತವೆಯೇ ಹೊರತು ಲಾಭವಿಲ್ಲ.

ಹಳೆಯ ಕೋಡ್‌ನಲ್ಲಿ ಎಲ್ಲಿಂದ ಆರಂಭ?

ಇಡೀ ಅಪ್ಲಿಕೇಷನ್ ಮತ್ತೆ ಬರೆಯಬೇಕಿಲ್ಲ. ಹೊರಗಿನ ಸೇವೆಗಳಿಂದ ಶುರು ಮಾಡಿ: ಎಸ್‌ಎಂಎಸ್, ಪಾವತಿ, ಇಮೇಲ್. ಇವುಗಳ ನಿಯಮವಾಗಲಿ, ದರವಾಗಲಿ ನಿಮ್ಮ ಕೈಯಲ್ಲಿಲ್ಲ. ಒಂದು ಸೇವೆಗೆ ಒಂದು ಇಂಟರ್‌ಫೇಸ್ ಬರೆದು, ಈಗಿರುವ ಕೋಡ್ ಅನ್ನು ಅದರ ಹಿಂದಕ್ಕೆ ಸರಿಸಿ. ಬಳಿಕ ಅದನ್ನು ಬಳಸುವ ಕ್ಲಾಸ್‌ಗಳಿಗೆ ಒಂದೊಂದಾಗಿ ಕನ್‌ಸ್ಟ್ರಕ್ಟರ್ ಮೂಲಕ ಕೊಡುತ್ತಾ ಬನ್ನಿ, ಪ್ರತಿ ಹಂತದಲ್ಲೂ ಪರೀಕ್ಷೆ ನಡೆಸಿ. ಮುಂದೆ ನಿಯಮ ಬದಲಾದರೂ, ಎಸ್‌ಎಂಎಸ್ ಕಂಪನಿಯೇ ಬದಲಾದರೂ, ಟಿಕೆಟ್ ಬುಕಿಂಗ್ ಕೋಡ್ ಮುಟ್ಟುವ ಅಗತ್ಯ ಬೀಳುವುದಿಲ್ಲ.