ಒಂದು ‘ಶರಣು’ ಹೆಚ್ಚಾದಾಗ

ಕೆಲಸಕ್ಕೆ ಸೇರಿದ ಹೊಸತು. ಒಂದು ಮೇಲ್ ಕೊನೆಗೆ ‘ಥ್ಯಾಂಕ್ಸ್ ಎ ಲಾಟ್’ ಅಂತ ಹಾಕಿದ್ದೆ. ರಿಪೋರ್ಟ್ ಎರಡು ದಿನ ತಡವಾಗಿ ಕೊಟ್ಟಿದ್ದ ಸಹೋದ್ಯೋಗಿ ನನ್ನ ಟೇಬಲ್ ಹತ್ತಿರ ಬಂದು, ‘ಸಿಟ್ಟು ಬಂದಿದೆಯಾ?’ ಅಂತ ಕೇಳಿದರು. ಬರೀ ‘ಥ್ಯಾಂಕ್ಸ್’ಗಿಂತ ಇದು ದೊಡ್ಡದು ಅನ್ನೋದಷ್ಟೇ ನನಗೆ ಗೊತ್ತಿತ್ತು. ಇಂಗ್ಲಿಷಿನವರು ಅದನ್ನ ಚುಚ್ಚೋಕೂ ಬಳಸ್ತಾರೆ ಅಂತ ಆಮೇಲೆ ತಿಳೀತು.

ಮರ್ಯಾದೆಯ ಮಾತಿಗೆ ಒತ್ತು ಹೆಚ್ಚಾದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಕಡೆ ಒಂದು ಹಳೇ ಕತೆ ಇದೆ. ನಮ್ಮೂರು ಹುಮನಾಬಾದ್, ಪಕ್ಕದ ತಾಲ್ಲೂಕು ಬಸವಕಲ್ಯಾಣ. 12ನೇ ಶತಮಾನದಲ್ಲಿ ಆ ಕಲ್ಯಾಣ ಬಿಜ್ಜಳನ ರಾಜಧಾನಿ, ಬಸವಣ್ಣ ಅವನ ಭಂಡಾರಿ. ಚಪ್ಪಲಿ ಹೊಲಿಯುವ ಹರಳಯ್ಯ ದಾರಿಯಲ್ಲಿ ಎದುರಾಗಿ ‘ಶರಣು’ ಅಂದ. ಬಸವಣ್ಣ ‘ಶರಣು ಶರಣಾರ್ಥಿ’ ಅಂದರಂತೆ. ತಾನು ಕೊಟ್ಟದ್ದು ಒಂದು, ಬಂದದ್ದು ಎರಡು. ಆ ಹೆಚ್ಚಿನ ಶರಣಿನ ಭಾರ ಹರಳಯ್ಯನಿಂದ ಹೊರಲಾಗಲಿಲ್ಲ. ತನ್ನ ಮತ್ತು ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದ ಜೋಡು ಮಾಡಿ ತಂದ. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಮೇಲೆ ಇಟ್ಟುಕೊಂಡರು.

ಚಿಕ್ಕವನಿದ್ದಾಗ ಇದನ್ನ ಭಕ್ತಿಯ ಕತೆ ಅಂದುಕೊಂಡಿದ್ದೆ. ಈಗ ಲೆಕ್ಕದ ಕತೆಯಾಗಿಯೂ ಕಾಣುತ್ತೆ. ನಮಸ್ಕಾರ ಕೆಳಗಿಂದ ಮೇಲಕ್ಕಷ್ಟೇ ಹೋಗುತ್ತಿದ್ದ ಕಾಲ ಅದು. ಅರಮನೆಯ ಭಂಡಾರಿ ಚಮ್ಮಾರನಿಗೆ ತಿರುಗಿ ಕೈಮುಗಿಯೋದೇ ದೊಡ್ಡ ಮಾತು. ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯ್ತು. ಬಿಜ್ಜಳ ಆ ಇಬ್ಬರು ತಂದೆಯರಿಗೂ ಮರಣದಂಡನೆ ಕೊಟ್ಟ ಅನ್ನುತ್ತೆ ಶರಣ ಪರಂಪರೆ. ಸಮಾನತೆ ಬಾಯಿಮಾತಿನಲ್ಲಿ ನಿಲ್ಲದೆ ಮನೆಯೊಳಗೆ ಬಂದಾಗ ತೆತ್ತ ಬೆಲೆ ಅದು.

ಇಂಗ್ಲಿಷಿನಲ್ಲೂ ಈ ಋಣದ ಗುರುತು ಉಳಿದಿದೆ. ‘ಮಚ್ ಒಬ್ಲೈಜ್ಡ್’ ಅಂದರೆ ನಿಮ್ಮ ಋಣಕ್ಕೆ ಕಟ್ಟುಬಿದ್ದಿದ್ದೇನೆ ಅಂತ; ಅದರ ಲ್ಯಾಟಿನ್ ಮೂಲದ ಅರ್ಥವೇ ಕಟ್ಟುವುದು. ‘ಥ್ಯಾಂಕ್’ ಮತ್ತು ‘ಥಿಂಕ್’ ಒಂದೇ ಬೇರಿನವು, ಅಂದರೆ ನೆನೆಯುವುದು. ‘ವೆರಿ’ಗೆ ಮೊದಲು ‘ನಿಜ’ ಅನ್ನೋ ಅರ್ಥ ಇತ್ತು. ಬಳಸಿ ಬಳಸಿ ಸವೆದು ಈಗ ಬರೀ ‘ತುಂಬಾ’ ಆಗಿದೆ. ಅದೂ ಸಾಲದೆ ‘ಸೋ ಮಚ್’ ಸೇರಿಸ್ತೀವಿ.

ನಮ್ಮೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಹಾಗಾಗಿ ಬಜಾರಿನಲ್ಲಿ ‘ಶುಕ್ರಿಯಾ’, ‘ಮೆಹರ್ಬಾನಿ’ ಕೇಳಿ ಬೆಳೆದವರು ನಾವು. ಮನೆಯಲ್ಲಿ ಮಾತ್ರ ಅವೂ ಇಲ್ಲ. ಒಂದು ತಂಬಿಗೆ ನೀರು ಕೊಟ್ಟರೆ ಆಯಿ ‘ನಿನ್ನ ಹೊಟ್ಟಿ ತಣ್ಣಗಿರ್ಲಿ’ ಅಂತಿದ್ದಳು.

ಈಗ ಮೇಲ್‌ನಲ್ಲಿ ‘ಎ ಲಾಟ್’ ಬಿಟ್ಟು, ಯಾವ ಕೆಲಸಕ್ಕೆ ಥ್ಯಾಂಕ್ಸ್ ಅಂತ ಬರೀತೀನಿ. ಇನ್ನೊಂದು ವಿಷಯ. ಆಫೀಸ್ ಗೇಟಿನ ಸೆಕ್ಯೂರಿಟಿಯವರು ದಿನಾ ‘ಗುಡ್ ಮಾರ್ನಿಂಗ್ ಸರ್’ ಅಂತಾರೆ. ಎರಡು ವರ್ಷ ಫೋನ್ ನೋಡ್ತಾ ಬರೀ ತಲೆ ಆಡಿಸಿಕೊಂಡು ಹೋಗಿದ್ದೆ. ಬಸವಣ್ಣನ ಹಾಗೆ ಎರಡು ಕೊಡೋದು ಇರಲಿ, ಬಂದ ಒಂದನ್ನೂ ನಾನು ವಾಪಸ್ ಕೊಟ್ಟಿರಲಿಲ್ಲ.