ಮೈಬಣ್ಣ, ಮೂಲ ಮತ್ತು ಆತ್ಮಗೌರವ: ಧಾರವಾಡ ಸೀಮೆಯ ಸಿದ್ದಿಗಳು

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಮೈಬಣ್ಣದ ಮಾತು ಕನ್ಯೆ ನೋಡುವ ಹೊತ್ತಿಗೆ ಬಾಯಿಗೆ ಬರುತ್ತದೆ. ‘ಹುಡುಗಿ ಕೆಂಪಗ ಅದಾಳ’ ಎಂದರೆ ಅರ್ಧ ಸಂಬಂಧ ಕುದುರಿದಂತೆ. ನವಲಗುಂದ, ಅಣ್ಣಿಗೇರಿಯ ಎರಿ ಹೊಲಗಳಲ್ಲಿ ಕಳೆ ತೆಗೆಯುವ, ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಮೈ ಬಿಸಿಲಿಗೆ ಕಪ್ಪಾಗುತ್ತದೆ. ನೆರಳಲ್ಲಿ ಕೂರುವ ಅನುಕೂಲ ಇದ್ದವರದು ಅಷ್ಟು ಕಪ್ಪಾಗುವುದಿಲ್ಲ. ಹೀಗೆ ಬಣ್ಣ ದುಡಿಮೆಯ, ಜಾತಿಯ, ಸ್ಥಿತಿವಂತಿಕೆಯ ಗುರುತೂ ಆಯಿತು. ‘ಬಿಸಿಲಾಗ ತಿರಗಬ್ಯಾಡ, ಕರ್ರಗ ಆಗ್ತಿ’ ಎಂಬ ಮಾತು ಕೇಳುತ್ತ ಬೆಳೆದ ಹುಡುಗಿ ತನ್ನ ಮೈಯನ್ನೇ ಕೊರತೆಯೆಂದು ನೋಡಲು ಕಲಿಯುತ್ತಾಳೆ. ಕಪ್ಪು ಮೈಯ ಕರಿಯಮ್ಮನಿಗೆ, ವಿಠ್ಠಲನಿಗೆ ಕೈಮುಗಿಯುವ ಮನೆಗಳಲ್ಲೇ ಇದು ನಡೆಯುತ್ತದೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಕ್ರೀಮು ಈ ಹಳೆಯ ಕೀಳರಿಮೆಯನ್ನು ಮಾರುಕಟ್ಟೆಯ ಸರಕಾಗಿಸಿತು. 2020ರಲ್ಲಿ ಅದರ ಹೆಸರು ಗ್ಲೋ ಅಂಡ್ ಲವ್ಲಿ ಎಂದಾಯಿತು.

ಬಣ್ಣದ ಜೊತೆ ಜನಾಂಗದ ಗುರುತೂ ಸೇರಿದಾಗ ಈ ಭಾರ ಇನ್ನೂ ಹೆಚ್ಚು. ಕಲಘಟಗಿ ತಾಲ್ಲೂಕಿನ ಕಾಡಂಚಿನಲ್ಲಿರುವ ಸಿದ್ದಿಗಳು ಇದನ್ನು ತಲೆಮಾರುಗಳಿಂದ ಹೊತ್ತಿದ್ದಾರೆ. ಆಫ್ರಿಕಾ ಮೂಲದ ಈ ಸಮುದಾಯದ ಕರ್ನಾಟಕದವರಲ್ಲಿ ಹೆಚ್ಚಿನವರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲೂ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯೂ ಇದ್ದಾರೆ. ಪೋರ್ಚುಗೀಸರು ಗೋವಾಕ್ಕೆ ತಂದ ಗುಲಾಮರಲ್ಲಿ ಅನೇಕರು ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳು ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರೂ ಧರ್ಮಗಳಲ್ಲಿ ಹಂಚಿಹೋಗಿದ್ದು, ಕೊಂಕಣಿ, ಮರಾಠಿ, ಕನ್ನಡ ಬೆರೆತ ಮಾತನ್ನೂ ಕನ್ನಡವನ್ನೂ ಆಡುತ್ತಾರೆ. ಆದರೂ ಪೇಟೆಗೆ ಬಂದರೆ, ಬೆಂಗಳೂರಿಗೆ ಹೋದರೆ ‘ಯಾವ ದೇಶ?’ ಎಂಬ ಪ್ರಶ್ನೆ ತಪ್ಪುವುದಿಲ್ಲ. ಶಾಲೆಯಲ್ಲಿ ಗುಂಗುರು ಕೂದಲು ಗೇಲಿಗೆ ಗುರಿಯಾಗುತ್ತದೆ. ಹುಟ್ಟಿದ ಊರಿನಲ್ಲೇ ಪರಕೀಯರೆಂದು ಕಾಣಿಸಿಕೊಳ್ಳುವ ಈ ಅನುಭವ ಕ್ರೀಮಿನ ಜಾಹೀರಾತು ಹುಟ್ಟಿಸುವ ಬೇಸರಕ್ಕಿಂತ ಆಳವಾದದ್ದು. ಅಮೆರಿಕದಲ್ಲಿ 1940ರ ದಶಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಗೊಂಬೆಗಳನ್ನಿಟ್ಟು ಪರೀಕ್ಷೆ ನಡೆಸಿದಾಗ, ಕಪ್ಪು ಮಕ್ಕಳಲ್ಲೇ ಹಲವರು ಬಿಳಿ ಗೊಂಬೆಯನ್ನು ಒಳ್ಳೆಯದೆಂದು ಆರಿಸಿದ್ದರು. ನೋಡುವವರ ಕಣ್ಣು ಎಳವೆಯಲ್ಲೇ ಮಗುವಿನ ಒಳಗೂ ಸೇರಿಬಿಡುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಸಿದ್ದಿಗಳ ಇದೇ ಮೈಕಟ್ಟನ್ನು ಸರ್ಕಾರ ಒಮ್ಮೆ ಹೊಗಳಿಯೂ ನೋಡಿತು. ಆಫ್ರಿಕಾ ಮೂಲದವರು ಹುಟ್ಟಾ ಓಟಗಾರರೆಂದು ನಂಬಿ, ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ಸಿದ್ದಿ ಮಕ್ಕಳನ್ನು ತರಬೇತಿಗೆ ಆರಿಸಿತು. ಕೆಲವರು ಪದಕಗಳನ್ನೂ ಗೆದ್ದರು. 1993ರಲ್ಲಿ ಯೋಜನೆ ನಿಂತಾಗ ಬಹಳಷ್ಟು ಮಂದಿ ಮತ್ತೆ ಕೂಲಿಗೇ ಮರಳಬೇಕಾಯಿತು. ಹೀಯಾಳಿಕೆಯಾಗಲಿ ಹೊಗಳಿಕೆಯಾಗಲಿ, ಮನುಷ್ಯನನ್ನು ಮೈಯಿಂದಲೇ ಅಳೆದರೆ ಅವನ ಇಷ್ಟ, ಕಲಿಕೆ, ಭವಿಷ್ಯಗಳು ಲೆಕ್ಕಕ್ಕೆ ಬರುವುದಿಲ್ಲ.

ಕಾನೂನಿನ ಮನ್ನಣೆಯಲ್ಲೂ ಜಿಲ್ಲೆಯ ಗಡಿ ಅಡ್ಡ ಬಂತು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಅದೇ ಮೂಲದ ಧಾರವಾಡ, ಬೆಳಗಾವಿ ಜಿಲ್ಲೆಗಳವರು 2020ರ ತಿದ್ದುಪಡಿಯವರೆಗೆ ಕಾದರು. ಒಂದೇ ನೆಂಟಸ್ತಿಕೆಯ ಜನರಿಗೆ ಹದಿನೇಳು ವರ್ಷ ಎರಡು ಬಗೆಯ ಸ್ಥಾನ ಇದ್ದದ್ದು ದೊಡ್ಡ ಅನ್ಯಾಯ. 2020ರಲ್ಲೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಕರ್ನಾಟಕದ ಶಾಸನಸಭೆಯಲ್ಲಿ ಕುಳಿತ ಮೊದಲ ಸಿದ್ದಿ ಎನಿಸಿದರು.

ಸಮುದಾಯ ತನ್ನ ಗುರುತನ್ನು ತಾನೇ ಕಟ್ಟಿಕೊಂಡ ದಾರಿಗಳೂ ಇವೆ. ಡಮಾಮಿ ವಾದ್ಯ ಮತ್ತು ಅದರ ಕುಣಿತ ಮನೆಯಂಗಳದಿಂದ ವೇದಿಕೆಗೆ ಬಂದಿವೆ. ಹೆಂಗಸರು ಹಳೆ ಸೀರೆ, ಅಂಗಿಯ ತುಂಡುಗಳಿಂದ ಹೊಲಿಯುವ ಕೌದಿಗಳು ವಿದೇಶದ ಪ್ರದರ್ಶನಗಳಲ್ಲೂ ಕಾಣುತ್ತವೆ; ಅವುಗಳ ದಟ್ಟ ಬಣ್ಣಗಳ ಜೋಡಣೆ ಅವರದೇ ಸೌಂದರ್ಯದ ಲೆಕ್ಕಾಚಾರ. ನೀನಾಸಮ್‌ನಲ್ಲಿ ರಂಗಶಿಕ್ಷಣ ಪಡೆದ ಪ್ರಶಾಂತ್ ಸಿದ್ದಿ ಕನ್ನಡ ಚಿತ್ರಗಳಲ್ಲಿ ಹೆಸರಾದರೆ, ಗಿರಿಜಾ ಸಿದ್ದಿ ರಂಗಭೂಮಿಯಲ್ಲೂ ಗಾಯನದಲ್ಲೂ ಹೆಸರಾದರು. ಇಷ್ಟಾದರೂ ಕನ್ನಡ ಚಿತ್ರಗಳ ನಾಯಕಿಯ ಪಾತ್ರ ಇಂದಿಗೂ ಹೆಚ್ಚಾಗಿ ಬಿಳಿ ಮೈಬಣ್ಣದವರ ಪಾಲಿಗೇ ಹೋಗುತ್ತದೆ.